ಮಾವನವರ ರೂಮಿ ಟೊಪ್ಪಿಗೆ

ನಿಜಾಮನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಮಾವನವರು ರೂಮಿ ಟೊಪ್ಪಿಗೆ ಇಲ್ಲದೆ ಹೊಸ್ತಿಲು ದಾಟಿದವರೇ ಅಲ್ಲ. ಕೆಂಪು ಟೊಪ್ಪಿಗೆ, ಮೇಲೆ ಕರಿ ಗೊಂಡೆ. ಕಚೇರಿಯಲ್ಲಿ ಹಿಂದೂಗಳು, ಮುಸಲ್ಮಾನರು ಎಲ್ಲರೂ ಅದನ್ನೇ ಹಾಕುತ್ತಿದ್ದರು. ಹಿಂದೂಸ್ತಾನದ ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಯಿತು ನೋಡಿ, ಕಲಬುರಗಿಯಲ್ಲಿ ಆ ಟೊಪ್ಪಿಗೆಗಳೆಲ್ಲ ಮಾಯವಾದವು. ಕೆಲವರು ಒಲೆಗೆ ಹಾಕಿದರು, ಕೆಲವರು ಬಾವಿಗೆ. ನಿಜಾಮನ ಪರ ದಾಂಧಲೆ ಮಾಡುತ್ತಿದ್ದ ರಜಾಕಾರರ ಕಾಲದಲ್ಲಿ ನಾವು ಹಿಂದೂಗಳು ಹೆದರಿ ಬಾಗಿಲು ಹಾಕಿಕೊಂಡಿದ್ದೆವು. ಈಗ ಮುಸಲ್ಮಾನರ ಓಣಿ ಮೋಮಿನಪುರದವರು ಬಾಗಿಲು ಹಾಕಿಕೊಂಡಿದ್ದರು. ಮಾವನವರು ಮಾತ್ರ ಸಂಜೆಯಾದರೆ ಅದೇ ಟೊಪ್ಪಿಗೆ ಹಾಕಿಕೊಂಡು ಮೋಮಿನಪುರಕ್ಕೆ ಹೊರಡುತ್ತಿದ್ದರು. ಅಲ್ಲಿ ಅವರ ಜೊತೆ ಕೆಲಸ ಮಾಡಿದ ಹಳೆಯ ಗೆಳೆಯರೊಬ್ಬರಿದ್ದರು.

ನನ್ನ ಗಂಡ ಕೆಲಸದ ಮೇಲೆ ರಾಯಚೂರಿಗೆ ಹೋಗುವಾಗ, "ಅಪ್ಪಗ ಆ ಟೊಪ್ಪಿಗಿ ಹಾಕ್ಕೊಂಡು ಹೊರಗ ಹೋಗಾಕ ಬಿಡಬ್ಯಾಡ. ಯಾರರೆ ಹೊಡದಾರು," ಅಂದಿದ್ದರು. ಹೇಳಿ ಹೋಗುವುದೇನು ಸುಲಭ. ಮಾವನವರಿಗೆ ಎದುರು ಮಾತಾಡುವ ಸೊಸೆ ನಾನಲ್ಲ, ಸುಮ್ಮನಿರುವವಳೂ ಅಲ್ಲ. ಅವರು ಸ್ನಾನಕ್ಕೆ ಹೋದಾಗ ಟೊಪ್ಪಿಗೆಯನ್ನು ಜೋಳದ ಗಡಿಗೆಯಲ್ಲಿ ಹುಗಿದೆ. ಅಡುಗೆಮನೆಗೆ ಅವರು ಕಾಲಿಡುತ್ತಿರಲಿಲ್ಲ. ಗೂಟಕ್ಕೆ ಒಂದು ಬಿಳಿ ರುಮಾಲು ತೂಗುಹಾಕಿದೆ. ಅದನ್ನು ಸುತ್ತಿಕೊಂಡು ಹೋಗುತ್ತಾರೆ ಅಂತ ನನ್ನ ಲೆಕ್ಕ.

ಲೆಕ್ಕ ತಲೆಕೆಳಗಾಯಿತು. ಅವರು ರುಮಾಲು ಮುಟ್ಟಲಿಲ್ಲ, ಏನೂ ಕೇಳಲಿಲ್ಲ. ಬರಿದಲೆಯಲ್ಲಿ ಬೀದಿಗಿಳಿಯಲಾರದೆ ಪಡಸಾಲೆಯಲ್ಲೇ ಕೂತುಬಿಟ್ಟರು. ನಾನು ಎದುರು ಬಂದರೆ ತಲೆ ಮೇಲೆ ಟವೆಲು ಎಳೆದುಕೊಳ್ಳುವರು. ಅವರ ಮುಂದೆ ಹೋಗಬೇಕಾದರೆ ನಾನೂ ಸೆರಗು ಎಳೆದುಕೊಳ್ಳಬೇಕು. ಒಂದೇ ಮನೆಯಲ್ಲಿ ಇಬ್ಬರೂ ಮುಸುಕು ಹಾಕಿಕೊಂಡು ಕೂತೆವು. ನಗು ಬರಬೇಕಿತ್ತು, ಬರಲಿಲ್ಲ. ಬಾಗಿಲಿಗೆ ಅಗಳಿ ಹಾಕಿಟ್ಟಿದ್ದೆ. ಅವರು ಎದ್ದರೆ ನಾನೂ ಏಳುತ್ತಿದ್ದೆ, ಏನಾದರೂ ಸದ್ದಾದರೆ ಒಲೆ ಮೇಲಿನ ರೊಟ್ಟಿ ಬಿಟ್ಟು ಓಡಿ ಬರುತ್ತಿದ್ದೆ. ನೀರಿಗೆ ಹೋಗುವುದನ್ನೂ ಬಿಟ್ಟೆ. ನೆರೆಮನೆಯವಳು ತಂದಿಟ್ಟ ಕೊಡದಲ್ಲೇ ದಿನ ತಳ್ಳುತ್ತಿದ್ದೆ.

ಅಷ್ಟರಲ್ಲಿ ಕಮಲಾಪುರದಿಂದ ಅಣ್ಣ ಬಂಡಿ ಕಟ್ಟಿಕೊಂಡು ಬಂದ. ಅವ್ವ ಹಾಸಿಗೆ ಹಿಡಿದಿದ್ದಳು.

"ನಿನ್ನೇ ಕರ್ಯಾಕತ್ಯಾಳ. ಈಗೇ ನಡಿ," ಅಂದ.

"ಹ್ಯಾಂಗ ಬರ್ಲಿ? ನಾ ಹ್ವಾದ್ರ ಇವರನ್ನ ಯಾರು ಕಾಯ್ತಾರ?"

ಅಣ್ಣ ಮುಖ ಗಂಟು ಹಾಕಿಕೊಂಡು ಎತ್ತುಗಳಿಗೆ ನೀರು ಕುಡಿಸಲು ಹೋದ. ನಾನು ಕಂಬ ಹಿಡಿದು ನಿಂತು ಅತ್ತೆ. ಹೇಳಿ ಹೋದ ಗಂಡನ ಮೇಲೆ ಸಿಟ್ಟು, ಈ ಮುದುಕರ ಹಟದ ಮೇಲೆ ಸಿಟ್ಟು. ಮಾತು ತಡೆಯಲಾಗಲಿಲ್ಲ.

"ಆ ರುಮಾಲು ಸುತಗೊಂಡ್ರ ಏನಾಗ್ತದ್ರಿ ಮಾವಾರ?"

"ನನ್ನ ಗೆಳ್ಯಾ ಅಲ್ಲಿ ಹೆದರಿ ಮನ್ಯಾಗ ಕುಂತಾನ, ಯವ್ವಾ," ಅಂದರು. "ಇಬ್ರೂ ಕೂಡಿ ಇದೇ ಟೊಪ್ಪಿಗಿ ಹಾಕ್ಕೊಂಡು ಕಚೇರಿಗಿ ಹ್ವಾದವ್ರು. ಈಗ ನಾ ಒಬ್ಬನೇ ವೇಷ ಬದಲಿಸಿ ಅವನ ಮುಂದ ಹ್ಯಾಂಗ ನಿಂದರ್ಲಿ?" ಅಡುಗೆಮನೆ ಕಡೆ ನೋಡಿ, "ಜೋಳದಾಗ ಇಟ್ರ ಅದಕ್ಕ ನುಸಿ ಹತ್ತತದ," ಅಂದರು.

ಅದು ಎಲ್ಲಿದೆ ಎಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಇನ್ನು ಕಾಯುವುದು ನನ್ನಿಂದಾಗಲಿಲ್ಲ. ಟೊಪ್ಪಿಗೆ ತೆಗೆದು, ಕಾಳು ಕೊಡವಿ, ಅವರ ಮುಂದಿಟ್ಟೆ. ಹಿಂದಿನ ಸಂದಿಯಿಂದ ಹೋಗಿ, ಕತ್ತಲಾಗುವುದರೊಳಗೆ ಬನ್ನಿ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವರ ಊಟದ ವ್ಯವಸ್ಥೆ ನೆರೆಮನೆಯವಳಿಗೆ ಒಪ್ಪಿಸಿ ಬಂಡಿ ಹತ್ತಿದೆ. ಹೆದರಿಕೆಯೇನೂ ಇಳಿಯಲಿಲ್ಲ. ಕಮಲಾಪುರ ಮುಟ್ಟುವವರೆಗೂ ಹಿಂತಿರುಗಿ ದಾರಿ ನೋಡುತ್ತಲೇ ಇದ್ದೆ.

ಅವ್ವ ನನ್ನ ಕೈಯಿಂದ ಗಂಜಿ ಕುಡಿದಳು. ವಾರ ಕಳೆದ ಮೇಲೆ ಗಂಡ ಬಂದರು, ಕೆಂಡವಾಗಿ. ನಾನು ಹೆದರಿದ್ದೇ ಆಗಿತ್ತು. ನಾನು ಬಂಡಿ ಹತ್ತಿದ ಸಂಜೆಯೇ ಮಾವನವರು ಗೆಳೆಯರ ಮನೆಯಿಂದ ಬರುವಾಗ ಪೇಟೆಯಲ್ಲಿ ಯಾರೋ ಪುಂಡರು ಟೊಪ್ಪಿಗೆ ಕಿತ್ತು ಗಟಾರಕ್ಕೆ ಎಸೆದು, ಅವರನ್ನು ನೂಕಿ ಕೆಡವಿದ್ದರು. ಮೊಣಕಾಲು ಒಡೆದಿತ್ತು.

"ಅಪ್ಪನ ಕೈಯಾಗ ಅದನ್ನ ಯಾಕ ಕೊಟ್ಟಿ?" ಎಂದು ಕೂಗಾಡಿದರು.

"ಈಗ ಮನ್ಯಾಗ ಮಲಗ್ಯಾರೇನ್ರಿ?" ಎಂದು ಕೇಳಿದೆ.

"ಎಲ್ಲಿ ಮಲಗ್ತಾನ? ಮರದಿನಾನೇ ಕುಂಟಕೋತ ಮೋಮಿನಪುರಕ್ಕ ಹ್ವಾದ. ಟೊಪ್ಪಿಗಿ ಇಲ್ಲ, ರುಮಾಲಿಲ್ಲ, ಬರೇ ತಲಿಲೆ!"