ಹೊಲಿಗೆ ಅಕ್ಕನ ಹದಿನಾಲ್ಕು ಮಾತ್ರೆ

ಕಳೆದ ಸೋಮವಾರ ಸಾಗರದ ಬಟ್ಟೆ ಅಂಗಡಿಯಲ್ಲಿ ಲೈನಿಂಗ್ ಬಟ್ಟೆ ಬಿಚ್ಚಿದಾಗ ಗಂಜಿಯ ವಾಸನೆ ಬಂತು. ಕೋಣಂದೂರಿನಲ್ಲಿ ನಮ್ಮ ಪಕ್ಕದ ಮನೆಯ ಹೊಲಿಗೆ ಅಕ್ಕನ ಕೋಣೆಯಲ್ಲಿ ಇದೇ ವಾಸನೆ ಇರುತ್ತಿತ್ತು. ಏನೂ ಕೊಳ್ಳದೆ ಹೊರಗೆ ಬಂದೆ...

ನಾನು ಕಾಲೇಜು ಓದುತ್ತಿದ್ದ ವರ್ಷ, ಮೊದಲು ಅಕ್ಕನ ಬಲಗಣ್ಣು ಮುಚ್ಚದಾಯಿತು, ಬಾಯಿ ಸೊಟ್ಟಗಾಯಿತು. ಊರವರು ಲಕ್ವ ಎಂದರು. ಆಮೇಲೆ ವಿಪರೀತ ಬಾಯಾರಿಕೆ. ಒಂದೇ ದಿನ ಹನ್ನೊಂದು ಚೊಂಬು ನೀರು ಎಂದು ನನ್ನ ಡೈರಿಯಲ್ಲಿದೆ. ದಾರ ಪೋಣಿಸುವಾಗ ಒಂದು ಸೂಜಿ ಎರಡಾಗಿ ಕಾಣುತ್ತಿತ್ತು. ಎಕ್ಸ್‌ರೇಯಲ್ಲಿ ಎದೆಯೊಳಗೆ ಗಂಟುಗಳು ಕಂಡು, ಟಿಬಿ ಇರಬಹುದೆಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ತಲೆಯ ಎಂಆರ್‌ಐ, ಬೆನ್ನುಹುರಿಯ ನೀರು, ಗಂಟಿನ ಚೂರು ಎಲ್ಲದರ ಪರೀಕ್ಷೆಯಾದ ಮೇಲೆ ಟಿಬಿ ಅಲ್ಲ, ಮೈಯೊಳಗೆ ಅಲ್ಲಲ್ಲಿ ಗಂಟು ಕಟ್ಟುವ ಸಾರ್ಕೊಯಿಡೋಸಿಸ್ ಎಂಬ ಹೆಸರು ಸಿಕ್ಕಿತು. ಅದು ಮಿದುಳಿಗೂ ಹರಡಿತ್ತು. ಸ್ಟೆರಾಯ್ಡ್ ಮಾತ್ರೆ ಕೊಟ್ಟು ಡಾಕ್ಟರು ಎರಡು ಸಲ ಹೇಳಿದರು: "ನೀವಾಗೇ ನಿಲ್ಲಿಸ್ಬೇಡಿ. ಜೀವಕ್ಕೆ ಅಪಾಯ." ಜೊತೆಗೆ ಹೋಗಿದ್ದ ನಾನು ಅದನ್ನು ಡೈರಿಯಲ್ಲಿ ಬರೆದುಕೊಂಡೆ.

ಅಂದಿನಿಂದ ಕಾಲೇಜಿಗೆ ಹೊರಡುವಾಗ ಬೇಲಿಯಾಚೆಯಿಂದಲೇ ಕೇಳುತ್ತಿದ್ದೆ.

"ಅಕ್ಕಾ, ಮಾತ್ರೆ ತಗಂಡ್ರಾ?"

"ತಗಂಡೆ ಮಾರಾಯ್ತಿ. ನಿನ್ ಹಾಜರಿ ಪುಸ್ತಕದಲ್ಲಿ ಬರ್ಕ."

ಡೈರಿಯಲ್ಲಿ ಗೀಟು ಎಳೆಯುತ್ತಿದ್ದೆ. ತಿಂಗಳೊಳಗೆ ಸೂಜಿ ಮತ್ತೆ ಒಂದೇ ಆಗಿ ಕಂಡಿತು. ಬಾಯಿ ಮಾತ್ರ ಸೊಟ್ಟಗೇ ಉಳಿಯಿತು, ಮಾತ್ರೆಗೆ ಮುಖ, ಮೈ ಊದಿತು. "ನನ್ ರವಿಕೆಗೆ ನನ್ ಟೇಪೇ ಸಾಲ್ತಿಲ್ಲ ನೋಡು," ಎಂದು ನಗುತ್ತಿದ್ದರು.

ಐವತ್ತೆರಡನೆಯ ಗೀಟಿನ ದಿನ ಮಧ್ಯಾಹ್ನ ಅಕ್ಕ ಕತ್ತರಿ ಹಿಡಿದವರು ಹಾಗೇ ಬಿದ್ದರು. ಫಿಟ್ಸ್. ಅಂದು ಮನೆಯಲ್ಲೇ ಇದ್ದ ನಾನು ಅವರ ತಾಯಿಯ ಕೂಗಿಗೆ ಓಡಿಹೋಗಿ, ಕತ್ತರಿ ದೂರ ತಳ್ಳಿ, ಅವರನ್ನು ಮಗ್ಗುಲಿಗೆ ಹೊರಳಿಸಿದೆ. ಕಣ್ಣು ತೆರೆದಿತ್ತು, ನನ್ನನ್ನು ನೋಡುತ್ತಿರಲಿಲ್ಲ... ಆಂಬುಲೆನ್ಸಿನವರಿಗೆ ತೋರಿಸಲು ಮಾತ್ರೆ ಹುಡುಕಿದಾಗ ಡಬ್ಬಿಯಲ್ಲಿ ಹಿಂದಿನ ಹದಿನಾಲ್ಕು ದಿನದ್ದು ನುಂಗದೆ ಹಾಗೇ ಇತ್ತು. ಪಕ್ಕದಲ್ಲಿ ಹಸಿರು ಕಷಾಯದ ಬಾಟಲಿ.

"ಲಕ್ವದ ನಾಟಿ ಔಷಧಿ," ಎಂದು ಅಕ್ಕನ ತಾಯಿ ಅತ್ತರು. "ಇಪ್ಪತ್ತೊಂದು ದಿನ ಪಥ್ಯ. ಇಂಗ್ಲಿಷ್ ಮಾತ್ರೆ ಮುಟ್ಟಂಗಿಲ್ಲ ಅಂತ ಬಿಟ್ಟಿದ್ಲು. ನೀ ಬೈತೀಯ ಅಂತ ನಿಂಗೆ ಹೇಳ್ಲಿಲ್ಲ."

ಆರನೆಯ ದಿನ ಆಸ್ಪತ್ರೆಯಲ್ಲೇ ಅಕ್ಕ ತೀರಿಕೊಂಡರು. ಕೇಳಿದ್ದೆ, ಬರೆದಿದ್ದೆ. ಬೇಲಿ ದಾಟಿ ಮಾತ್ರೆಯ ಡಬ್ಬಿಯನ್ನು ಒಂದು ದಿನವೂ ನೋಡಿರಲಿಲ್ಲ.

ಈಗ ಹೊಸನಗರದಲ್ಲಿ ನನ್ನ ಜೊತೆ ಅಮ್ಮ ಇದ್ದಾಳೆ. ಬೆಳಿಗ್ಗೆ ಬಿಪಿ ಮಾತ್ರೆ, ನೀರು ಕೊಟ್ಟು, ಅವಳು ನುಂಗುವವರೆಗೂ ಎದುರಿಗೇ ನಿಲ್ಲುತ್ತೇನೆ.

"ಬೇಕಾದ್ರೆ ಬಾಯಿ ಆ ಮಾಡ್ತೀನಿ, ನೋಡ್ಕ," ಎಂದು ಅಮ್ಮ ತಮಾಷೆ ಮಾಡುತ್ತಾಳೆ.

ನಾನು ನೋಡುತ್ತೇನೆ.