ತಾರ್ಲೆ ಎಣ್ಣೆ ಹಚ್ಚಿದ ಬೈಕು

ಇಪ್ಪತ್ತಾರು ವರ್ಷ ಕುಮಟಾದಿಂದ ಭಟ್ಕಳಕ್ಕೆ, ಭಟ್ಕಳದಿಂದ ಕುಮಟಾಕ್ಕೆ ಬಸ್ಸು ಓಡಿಸಿದವನಿಗೆ ರಸ್ತೆ ಅಂದರೆ ವಾಕರಿಕೆ ಬರಬೇಕು. ಬಂದಿತ್ತು ಕೂಡ. ಆದರೂ ಒಂದು ಸಲ, ಒಂದೇ ಒಂದು ಸಲ, ಯಾರನ್ನೂ ಹತ್ತಿಸದೆ ಯಾರನ್ನೂ ಇಳಿಸದೆ ದೂರ ಹೋಗಬೇಕೆಂಬ ಹುಚ್ಚು. ಹುಬ್ಬಳ್ಳಿಯ ಬೈಕ್ ಸವಾರರ ಗುಂಪೊಂದು ಇಪ್ಪತ್ನಾಲ್ಕು ತಾಸಿನಲ್ಲಿ ಸಾವಿರ ಕಿಲೋಮೀಟರ್ ಓಡಿಸುವ ಸವಾರಿ ಇಟ್ಟಿತ್ತು. ಹೆಸರು ಕೊಟ್ಟೆ. ದೀಪಾವಳಿ ಕಳೆದ ಮೇಲೆ ನನಗೆ ಮಂಡಿ ಆಪರೇಷನ್. ಆಮೇಲೆ ದೂರದ ಸವಾರಿ ಮರೆತುಬಿಡಿ ಎಂದು ಡಾಕ್ಟರು ಹೇಳಿಯಾಗಿತ್ತು. ಈ ಸಲ ಇಲ್ಲವೆಂದರೆ ಇನ್ನಿಲ್ಲ.

ಭಟ್ಕಳದಲ್ಲಿ ದುಬೈಯಿಂದ ಬಂದವರೊಬ್ಬರ ದೊಡ್ಡ ಬೈಕು ಮಾರಾಟಕ್ಕಿತ್ತು. ಹತ್ತಿ ಕೂತೆ. ಇಳಿಯುವಾಗ ಕಾಲು ಎತ್ತಲಾಗದೆ ಬೈಕಿನ ಸಮೇತ ವಾಲಿದೆ. ಅವರು ಓಡಿ ಬಂದು ಹಿಡಿದು, "ಚಾಚಾ, ಇದು ನಿಮಗೆ ಬೇಡ" ಎಂದರು. ಚಾಚಾ ಅಂತೆ! ನನಗಿಂತ ಎರಡು ವರ್ಷ ದೊಡ್ಡವನೇ ಇರಬೇಕು ಆ ಮನುಷ್ಯ. ಸಿಟ್ಟಿನಲ್ಲೇ ಮನೆಗೆ ಬಂದು ನನ್ನ ಹಳೇ ಬೈಕಿನ ಮೇಲಿನ ತಾಡಪಾಲು ಎಳೆದೆ.

"ಎರಡೂ ಚಕ್ರಕ್ಕೆ ಡ್ರಮ್ ಬ್ರೇಕು. ಸಾಮಾನು ಹುಬ್ಬಳ್ಳಿಯಿಂದ ತರಿಸ್ಬೇಕು. ಎಂತಕ್ಕೆ ಮಾರಾಯಾ?" ಎಂದ ಹೊನ್ನಾವರದ ಮೆಕ್ಯಾನಿಕ್, ನನ್ನ ಹಳೇ ಗೆಳೆಯ. ನಾನು ಕೇಳಬೇಕಲ್ಲ! ಡ್ಯೂಟಿ ಮುಗಿಸಿ ಬಂದು ಎರಡು ತಿಂಗಳು ಕೂತು ಅದನ್ನು ಸಜ್ಜು ಮಾಡಿದೆ. ಸೀಟಿಗೆ ಹೊಸ ಫೋಮ್, ಹೊಸ ಚೈನು. ಕ್ಲಚ್ ಕೇಬಲ್ ದಾರಿಯಲ್ಲಿ ತುಂಡಾದರೆ ಎಂದು ಇನ್ನೊಂದನ್ನು ಅದರ ಪಕ್ಕದಲ್ಲೇ ಕಟ್ಟಿಟ್ಟೆ. ರಾತ್ರಿ ಊಟಕ್ಕೆ ಕೂತರೆ ತುತ್ತು ಎತ್ತಲೂ ಕೈ ಬರುತ್ತಿರಲಿಲ್ಲ.

ಆ ಎರಡು ತಿಂಗಳೂ ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದ್ದಳು. ಅವಳ ತವರು ಬಾಡ, ಮೀನುಗಾರರ ಮನೆ. ಅವಳ ಅಪ್ಪ ಆಳಸಮುದ್ರಕ್ಕೆ ಹೋದವನು ತಿರುಗಿ ಬರಲಿಲ್ಲ. ದೂರ ಹೋಗುವುದೆಂದರೆ ಅವಳಿಗೆ ಅದೊಂದೇ ಅರ್ಥ.

ಹೊರಡುವ ಹಿಂದಿನ ದಿನ, ಶನಿವಾರ, ಡ್ಯೂಟಿ ಮುಗಿಸಿ ಬಂದರೆ ಅಂಗಳವೆಲ್ಲ ಗಬ್ಬು ನಾತ. ಬೈಕು ನೆತ್ತಿಯಿಂದ ಪಾದದವರೆಗೆ ಮಿರಮಿರ ಮಿಂಚುತ್ತಿತ್ತು. ಹೆಂಡತಿ ತಾರ್ಲೆ ಮೀನಿನ ಎಣ್ಣೆಯ ಡಬ್ಬಿ ಹಿಡಿದು ನಿಂತಿದ್ದಳು, ಮೊಣಕೈ ತನಕ ಎಣ್ಣೆ.

"ದೂರ ಹೋಗೂ ದೋಣಿಗೆ ಎಣ್ಣೆ ಹಾಕದೆ ಬಿಡೂದಿಲ್ಲ ನಮ್ಮಲ್ಲಿ," ಎಂದಳು. "ಆ ವರ್ಷ ಅಪ್ಪಂಗೆ ಪುರಸೊತ್ತಾಗಲಿಲ್ಲ. ನಾನಾದ್ರೂ ಹಾಕ್ಬೇಕಿತ್ತು, ಹಾಕಲಿಲ್ಲ. ಇದಕ್ಕೆ ಒಂದು ಸಂದಿ ಬಿಡಲಿಲ್ಲ ನೋಡಿ. ಚಕ್ರದ ಒಳಗೂ ಹೊಯ್ದಿದ್ದೆ."

ಚಕ್ರದ ಒಳಗೆ ಎಂದರೆ ಬ್ರೇಕಿನ ಒಳಗೆ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ನನ್ನ ಬಸ್ಸಿಗೆ ಅಡ್ಡ ಬಂದವರನ್ನು ಕೇಳಿ ನೋಡಿ. ಆದರೆ ಎರಡು ತಿಂಗಳ ಮೇಲೆ ಮಾತಾಡುತ್ತಿದ್ದಾಳೆ. "ಚಲೋ ಆತು" ಎಂದೆ.

ಭಾನುವಾರ ಬೆಳಿಗ್ಗೆ ಪೆಟ್ರೋಲ್ ತುಂಬಿಸುವ ನೆಪ ಹೇಳಿ ಹೊನ್ನಾವರಕ್ಕೆ ಹೊರಟೆ. ಧಾರೇಶ್ವರದ ಹತ್ತಿರ ಎಮ್ಮೆಯೊಂದು ರಸ್ತೆಗಿಳಿಯಿತು. ಬ್ರೇಕು ಒತ್ತಿದೆ, ಹಿಡಿದರೆ ತಾನೆ! ಕಾಲು ನೆಲಕ್ಕೆ ಉಜ್ಜುತ್ತ ಹೇಗೋ ನಿಂತೆ. ಮಂಡಿಯ ಜೀವ ಹೋಯಿತು. ಉಳಿದ ದಾರಿ ನಡೆಯುವವನ ವೇಗದಲ್ಲಿ ಹೋದೆ.

ಗೆಳೆಯ ಚಕ್ರ ಬಿಚ್ಚಿ ಮೂಗು ಮುಚ್ಚಿಕೊಂಡ. "ಇದು ಬ್ರೇಕೋ, ತಾರ್ಲೆ ಹುರಿಯೂ ಬಾಣಲೆಯೋ?" ಪೆಟ್ರೋಲಿನಲ್ಲಿ ತೊಳೆದ, ಮರಳು ಕಾಗದ ಹಾಕಿ ತಿಕ್ಕಿದ. ಹತ್ತು ಸಲ ಬ್ರೇಕು ಒತ್ತಿ ಬಿಸಿಯಾದೊಡನೆ ಒಳಗಿನ ಪಟ್ಟಿ ಹೀರಿದ್ದ ಎಣ್ಣೆ ಮತ್ತೆ ಮೇಲೆ ಬಂತು. ಹೊಸ ಪಟ್ಟಿ ಬೇಕೆಂದರೆ ಹುಬ್ಬಳ್ಳಿಯಿಂದಲೇ ಬರಬೇಕು. ಭಾನುವಾರ ಯಾವ ಅಂಗಡಿ? ಸಂಜೆಯೊಳಗೆ ಘಟ್ಟ ಹತ್ತಿ ಸವಾರಿ ಹೊರಡುವಲ್ಲಿಗೆ ಸೇರಬೇಕಿತ್ತು ನಾನು. "ಘಟ್ಟದಲ್ಲಿ ಇದು ನಿಮ್ಮನ್ನ ಕೊಲ್ತದೆ" ಎಂದ. ಯಾವತ್ತೂ ಏಕವಚನದಲ್ಲಿ ಮಾತಾಡುವವನು.

ಅಲ್ಲೇ ಕೂತು ಗುಂಪಿನವರಿಗೆ ಫೋನ್ ಮಾಡಿ ಹೆಸರು ತೆಗೆಸಿದೆ. ಅಳು ಬಂತು, ಸುಳ್ಳೇಕೆ ಹೇಳಲಿ.

ಮನೆಗೆ ಬಂದಾಗ ಹೆಂಡತಿ ದಾರಿಗೆಂದು ಅವಲಕ್ಕಿ ಕಟ್ಟುತ್ತಿದ್ದಳು. "ಎಂತ ಆತು?"

"ಸವಾರಿ ಮುಂದೆ ಹಾಕಿದ್ರು. ಯಾವಾಗ ಅಂತ ಹೇಳಲಿಲ್ಲ."

ಅವಳ ಮುಖದಲ್ಲಿ ಸಮಾಧಾನವೂ ಬಂತು, ನನ್ನನ್ನು ನೋಡಿ ಸಂಕಟವೂ ಬಂತು. ಪೊಟ್ಟಣ ಬಿಚ್ಚಿ ಅವಲಕ್ಕಿಯನ್ನು ತಟ್ಟೆಗೆ ಸುರಿದು ನನ್ನ ಮುಂದಿಟ್ಟಳು.

"ಬೇಜಾರು ಮಾಡ್ಕೊಳ್ಬೇಡಿ. ಯಾವಾಗ ಇಟ್ರೂ ಹೋಗಿ, ನಾ ಬೇಡ ಅನ್ನೂದಿಲ್ಲ. ಹಿಂದಿನ ದಿನ ಇನ್ನೊಂದ್ಸಲ ಎಣ್ಣೆ ಹಚ್ಚಿ ಕೊಡ್ತೆ."

"ಆತು" ಎಂದೆ.