ಮಾತ್ರೆಗೆ ಬಗ್ಗದ ಬಿಪಿ

ಕೋವಿಡ್‌ನ ಓಡಾಟವೆಲ್ಲ ತಣ್ಣಗಾದ ವರ್ಷ ನನಗೆ ಕೇರಳದ ಗಡಿಭಾಗದ ದೇಲಂಪಾಡಿ ಕಡೆಯ ಒಂದು ಕುಟುಂಬ ಆರೋಗ್ಯ ಕೇಂದ್ರಕ್ಕೆ ವರ್ಗವಾಯಿತು. ಸ್ಟಾಫ್ ನರ್ಸ್ ಆಗಿ ಅದೇ ನನ್ನ ಕೊನೆಯ ಪೋಸ್ಟಿಂಗ್. ಗುರುವಾರ ಅಲ್ಲಿ ಬಿಪಿ, ಶುಗರ್‌ನಂಥ ದೀರ್ಘಕಾಲದ ಕಾಯಿಲೆಗಳ ಕ್ಲಿನಿಕ್. ಡಾಕ್ಟರ್ ದಕ್ಷಿಣ ಕೇರಳದ ತರುಣಿ, ಕನ್ನಡ ಬಾರದು. ಹೊಸಂಗಡಿಯಲ್ಲಿ ಬೆಳೆದ ನನಗೆ ಮನೆಯ ಕೊಂಕಣಿಯ ಜೊತೆಗೆ ಕನ್ನಡ, ತುಳು, ಮಲಯಾಳ ಬರುವುದರಿಂದ ದುಭಾಷಿಯ ಕೆಲಸವೂ ನನ್ನದೇ ಆಗಿತ್ತು.

ಅಲ್ಲಿಗೆ ಐತಪ್ಪಣ್ಣ ಎಂಬವರು ತಪ್ಪದೆ ಬರುತ್ತಿದ್ದರು. ಮೊದಲು ಅವರದು ಸುರಂಗ ತೋಡುವ ಕೆಲಸ. ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ನುಗ್ಗುವಷ್ಟೇ ಅಗಲಕ್ಕೆ ಕೊರೆಯುವ ದಾರಿಗೆ ನಮ್ಮ ಕಡೆ ಸುರಂಗ ಎನ್ನುತ್ತಾರೆ. ಅದನ್ನು ಬಿಟ್ಟು ಎರಡು ವರ್ಷದಿಂದ ಕೆಂಪುಕಲ್ಲಿನ ಗೋಡೆ ಕಟ್ಟಲು ಹೋಗುತ್ತಿದ್ದರು. ವಯಸ್ಸು ನಲವತ್ತಾರು, ಸಪೂರ ದೇಹ. ಕುಡಿತವಿಲ್ಲ, ಬೀಡಿಯಿಲ್ಲ. ಮನೆತನದಲ್ಲಿ ಯಾರಿಗೂ ಶುಗರ್ ಇರಲಿಲ್ಲ. ಆದರೂ ಬಿಪಿ 170/104. ಮೂರು ತಿಂಗಳ ಶುಗರ್‌ನ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 9.1; ಆರೂವರೆಯಾದರೇ ಅದು ಕಾಯಿಲೆ. ಬಿಪಿಯ ಮಾತ್ರೆ ಒಂದಿದ್ದದ್ದು ಮೂರಾದರೂ ಅಂಕಿ ಇಳಿಯಲಿಲ್ಲ.

ಮಾತ್ರೆ ಸರಿಯಾಗಿ ತಿನ್ನುವುದಿಲ್ಲ ಎಂದು ನಾನೊಂದು ಗುರುವಾರ ಎಲ್ಲರೆದುರು ಗದರಿದೆ. ಅವರು ತಲೆ ತಗ್ಗಿಸಿ ಕುಳಿತರು. ಮುಂದಿನ ಬಾರಿ ಹೆಂಡತಿ ಲಲಿತಕ್ಕ ಖಾಲಿ ಸ್ಟ್ರಿಪ್‌ಗಳನ್ನು ಚೀಲದಲ್ಲಿ ತುಂಬಿಸಿ ತಂದರು.

“ನಾನೇ ಕೈಯಲ್ಲಿ ಕೊಡುವುದು ಸಿಸ್ಟರ್. ನುಂಗಿದ ಮೇಲೆಯೇ ನಾನು ಆಚೆ ಹೋಗುವುದು.”

ನನಗೆ ನಾಚಿಕೆಯಾಯಿತು. “ನಿದ್ರೆ ಎಲ್ಲ ಉಂಟಲ್ಲ?” ಎಂದು ಐತಪ್ಪಣ್ಣನನ್ನು ಕೇಳಿದೆ. “ಉಂಟು” ಎಂದರು. ಲಲಿತಕ್ಕ ಏನೋ ಹೇಳಹೊರಟವರು ಚೀಲದ ಬಾಯಿ ಕಟ್ಟತೊಡಗಿದರು.

ಅದೇ ದಿನ ನಮ್ಮ ಕೇಂದ್ರದ ಅಂಗಳ ಸಮತಟ್ಟು ಮಾಡಲು ಟಿಪ್ಪರ್ ಬಂದಿತ್ತು. ಬಿಪಿ ಪಟ್ಟಿಗೆ ಗಾಳಿ ತುಂಬಿಸುತ್ತಿದ್ದಾಗ ಕಿಟಕಿಯಾಚೆ ಒಂದು ಲೋಡ್ ಮಣ್ಣು ಧೊಪ್ಪನೆ ಸುರಿಯಿತು. ಐತಪ್ಪಣ್ಣ ಪಟ್ಟಿ ಕಟ್ಟಿದ ಕೈಯಲ್ಲೇ ಎದ್ದು ಓಡಿದರು. ಗೇಟಿನ ಬಳಿ ಕುಕ್ಕರುಗಾಲಲ್ಲಿ ಕುಳಿತಿದ್ದವರ ಅಂಗಿ ಬೆವರಿಗೆ ಒದ್ದೆಯಾಗಿತ್ತು. ನಾಡಿ ನಿಮಿಷಕ್ಕೆ 130. ಹೃದಯಾಘಾತವೇ ಎಂದು ಹೆದರಿ ಇಸಿಜಿ ತೆಗೆಸಿದೆವು. ಬಡಿತ ಜೋರಾಗಿತ್ತು ಎನ್ನುವುದು ಬಿಟ್ಟರೆ ಬೇರೇನೂ ದೋಷ ಕಾಣಲಿಲ್ಲ.

ಆಮೇಲೆ ಐತಪ್ಪಣ್ಣ ಜಗಲಿಯಲ್ಲೇ ಕುಳಿತರು; ಡಾಕ್ಟರ್ ಅಲ್ಲಿಗೆ ಕುರ್ಚಿ ತಂದು ಅವರ ಪಕ್ಕದಲ್ಲಿ ಕುಳಿತರು. “ಏನಾಯಿತು ಎಂದು ಕೇಳಿ, ಅವಸರ ಬೇಡ” ಎಂದು ನನಗೆ ಮಲಯಾಳದಲ್ಲಿ ಹೇಳಿದರು.

ನಾನು ಕೇಳಿದೆ, ಐತಪ್ಪಣ್ಣ ಬಾಯಿ ಬಿಟ್ಟರು. ಎರಡು ವರ್ಷದ ಹಿಂದೆ ಸುರಂಗದ ಮೇಲಿನ ಮಣ್ಣು ಕುಸಿದಿತ್ತು. ಮುಂದೆ ಅಗೆಯುತ್ತಿದ್ದವನು ಚನಿಯ, ಲಲಿತಕ್ಕನ ತಮ್ಮ. ಹಿಂದೆ ಮಣ್ಣು ಎಳೆಯುತ್ತಿದ್ದವರು ಇವರು.

“ಅವನ ಕಾಲು ನನ್ನ ಕೈಗೆ ಸಿಕ್ಕಿತ್ತು ಸಿಸ್ಟರ್. ಎಳೆದೆ, ಬರಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಆ ಕಾಲೇ. ನಿದ್ರೆ ಎಂತ ಬರ್ತದೆ?”

ಅಂದಿನಿಂದ ಅವರು ಕೋಣೆಯೊಳಗೆ ಮಲಗಿರಲಿಲ್ಲ. ಮನೆಯಲ್ಲಿ ಚನಿಯನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಹೆಂಡತಿ ತನ್ನನ್ನೇ ದೂರುತ್ತಾಳೆ ಎಂದು ಇವರು, ಹೆಸರೆತ್ತಿದರೆ ಗಂಡ ಕುಸಿದುಬಿಡುತ್ತಾರೆ ಎಂದು ಅವರು.

ಲಲಿತಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. “ನೀವು ಕಾಲು ಹಿಡಿದದ್ದು ನನಗೆ ಗೊತ್ತೇ ಇರಲಿಲ್ಲ. ಅವ ಒಬ್ಬನೇ ಹೋದ ಅಂತ ಇಷ್ಟು ದಿನ ಅತ್ತೆ. ನೀವು ಇದ್ರಲ್ಲ ಹತ್ತಿರ.”

ಐತಪ್ಪಣ್ಣ ಮೊದಲ ಸಲ ಅತ್ತರು.

ಡಾಕ್ಟರ್ ಇದನ್ನು ಪಿಟಿಎಸ್‌ಡಿ ಎಂದರು, ಆಘಾತದ ನಂತರವೂ ಉಳಿಯುವ ಒತ್ತಡ. ಅಪಾಯ ಕಳೆದರೂ ದೇಹ ಎಚ್ಚರ ಬಿಡುವುದಿಲ್ಲ. ಅಡ್ರಿನಲಿನ್, ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಮತ್ತೆ ಮತ್ತೆ ಏರಿ ಎದೆಬಡಿತ, ಬಿಪಿ, ಶುಗರ್ ಮೂರನ್ನೂ ಎಬ್ಬಿಸುತ್ತವೆ. ನಿದ್ರೆಗೆಟ್ಟರೆ ಇನ್ನಷ್ಟು ಕಷ್ಟ. ಬಿಪಿ, ಶುಗರ್‌ಗೆ ಬೇರೆ ಕಾರಣಗಳೂ ಇರಬಹುದು, ಮಾತ್ರೆ ನಿಲ್ಲಿಸಬಾರದು ಎಂದೂ ಎಚ್ಚರಿಸಿದರು.

ತಿಂಗಳಿಗೊಮ್ಮೆ ಬರುವ ಮಾನಸಿಕ ಆರೋಗ್ಯ ತಂಡದ ಸೈಕಾಲಜಿಸ್ಟ್ ಬಳಿ ಚಿಕಿತ್ಸೆ ಶುರುವಾಯಿತು. ನಡುನಡುವೆ ಫೋನಿನಲ್ಲೂ ಮಾತುಕತೆ. ನಡೆದದ್ದನ್ನು ಸ್ವಲ್ಪ ಸ್ವಲ್ಪವಾಗಿ ಹೇಳಿಸುವುದು, ದೂರವಿಟ್ಟದ್ದರ ಹತ್ತಿರ ನಿಧಾನಕ್ಕೆ ಕರೆತರುವುದು. ಎರಡನೆಯ ಸಲ ಐತಪ್ಪಣ್ಣ “ಇನ್ನು ಬರುವುದಿಲ್ಲ” ಎಂದು ಮುನಿಸಿಕೊಂಡು ಹೋದರು. ಲಲಿತಕ್ಕ ಮಾತಾಡಿಸಿ ಕರೆತಂದರು. ನಾಲ್ಕನೆಯ ತಿಂಗಳಲ್ಲಿ ಬಾಗಿಲು ತೆರೆದಿಟ್ಟು ಕೋಣೆಯಲ್ಲಿ ಮಲಗಿದರು. ಹತ್ತನೆಯ ತಿಂಗಳಲ್ಲಿ ಬಿಪಿ 132/84, ಎಚ್‌ಬಿಎ1ಸಿ 7. ಡಾಕ್ಟರ್ ಬಿಪಿಯ ಒಂದು ಮಾತ್ರೆ ಕಡಿಮೆ ಮಾಡಿದರು.

“ನಿನ್ನೆ ಬಸ್ಸಲ್ಲಿ ಕೂತಲ್ಲೇ ಗೊರಕೆ ಹೊಡೆದ್ರು ಸಿಸ್ಟರ್, ನನಗೆ ಮರ್ಯಾದೆ ಹೋಯ್ತು!” ಎಂದು ಲಲಿತಕ್ಕ ದೂರಿದಾಗ ಐತಪ್ಪಣ್ಣ ನಕ್ಕರು, ನಾವೂ ನಕ್ಕೆವು.

ಮೂವತ್ತು ವರ್ಷ ನಾನು ಜನರ ತೋಳಿಗೆ ಪಟ್ಟಿ ಕಟ್ಟಿ ಅಂಕಿ ಬರೆದುಕೊಂಡಿದ್ದೆ. ಅಂಕಿ ಇಳಿಯದಿದ್ದರೆ ತಪ್ಪು ರೋಗಿಯದೇ ಎಂದುಕೊಳ್ಳುವುದು ನಮಗೆ ಸುಲಭ. ಆಮೇಲಿನ ದಿನಗಳಲ್ಲಿ ಗದರುವ ಮೊದಲು ಪಕ್ಕದಲ್ಲಿ ಕುಳಿತು, “ನಿಮಗೆ ಎಂತಾದ್ರೂ ಆಗಿತ್ತಾ?” ಎಂದು ಕೇಳಿ, ಉತ್ತರಕ್ಕೆ ಕಾಯುವುದನ್ನು ಕಲಿತೆ. ಹೆಚ್ಚಿನವರು “ಎಂತ ಇಲ್ಲ” ಎಂದೇ ಹೇಳುತ್ತಿದ್ದರು. ಕೆಲವರು ಎದ್ದು ಬಾಗಿಲವರೆಗೆ ಹೋಗಿ, ಅಲ್ಲಿಂದ ಮರಳಿ ಬಂದು ಕುಳಿತುಕೊಳ್ಳುತ್ತಿದ್ದರು.